ಭಾವನ ಕಿವಿ, ನನ್ನ ರೇಡಿಯೊ

ಭಾವ, ಆ ದಿನ ನನಗೂ ಏನೂ ಕೇಳಿಸಿರಲಿಲ್ಲ.

ಇಷ್ಟು ಹೇಳಲು ಎರಡು ವರ್ಷ ತೆಗೆದುಕೊಂಡೆ. ಹೇಳಿದ ವೇಳೆಗಿಂತ ಮೊದಲೇ ಬಂದು ನಿಲ್ಲುವವನು ಎಂದು ನೀವೇ ನನ್ನನ್ನು ಹೊಗಳುತ್ತಿದ್ದಿರಿ. ಈ ಒಂದು ವಿಷಯದಲ್ಲಿ ಮಾತ್ರ —

ಶಿವಮೊಗ್ಗದ ಹೊಸ ನಿಲ್ದಾಣ ಸೋಗಾನೆಗೆ ವಿಮಾನ ಬರತೊಡಗಿದ ಮೇಲೆ ನಿಮಗೊಂದು ಆಸೆ ಹುಟ್ಟಿತು. ಭದ್ರಾವತಿಯ ನಿಮ್ಮ ತಾರಸಿಯ ಮೇಲೆ ಹಾದುಹೋಗುವಾಗ ಪೈಲಟ್ ಕೆಳಗಿನವರ ಜೊತೆ ಏನು ಮಾತಾಡುತ್ತಾನೆ, ಅದನ್ನು ಕೇಳಬೇಕು. "ಪೊಲೀಸ್ ವೈರ್‌ಲೆಸ್‌ನಲ್ಲಿ ಇದ್ದೋನು ನೀನು ಮಾರಾಯ, ಒಂದು ಒಳ್ಳೇ ರೇಡಿಯೊ ಆರಿಸ್ಕೊಡು" ಅಂದಿರಿ.

ಹಾಡು ಬರುವ ಎಫ್‌ಎಂ ಸ್ಟೇಷನ್‌ಗಳು ನೂರೆಂಟು ಮೆಗಾಹರ್ಟ್ಸ್‌ಗೆ ಮುಗಿಯುತ್ತವೆ, ವಿಮಾನದವರ ಮಾತು ಅದಕ್ಕೂ ಮೇಲೆ ಇರುತ್ತದೆ — ಅಷ್ಟು ನನಗೆ ಗೊತ್ತಿತ್ತು. ಶಿವಮೊಗ್ಗದ ಅಂಗಡಿಯವನು ಎರಡು ಸೆಟ್ ತಂದಿಟ್ಟ. ಎರಡೂ ಅಲ್ಲಿಯವರೆಗೆ ಮುಟ್ಟುತ್ತಿದ್ದವು. ಒಂದರಲ್ಲಿ ಆ ಮೇಲಿನ ಭಾಗಕ್ಕೂ ಎಎಂ ಎಂದು ಬರೆದಿತ್ತು. ಎಎಂ ಎಂದರೆ ಹಳೆಯ ಕಾಲದ ಮೀಡಿಯಂ ವೇವ್ ಗೊರಗೊರ ಎಂದುಕೊಂಡು ಅದನ್ನು ಪಕ್ಕಕ್ಕೆ ತಳ್ಳಿದೆ. ನಾನು ಕೆಲಸ ಮಾಡಿದ ವಾಕಿಟಾಕಿಗಳೆಲ್ಲ ಎಫ್‌ಎಂ ಬಗೆಯವು. ವಿಮಾನದ್ದು ಬೇರೆ ಹೇಗಿದ್ದೀತು? ಯಾರನ್ನೂ ಕೇಳಲಿಲ್ಲ. ಇನ್ನೊಂದನ್ನು ಕಟ್ಟಿಸಿಕೊಂಡು ಬಂದೆ.

ಭಾನುವಾರ ನಿಮ್ಮ ತಾರಸಿಯಲ್ಲಿ ಅಕ್ಕ, ಅಕ್ಕಪಕ್ಕದವರು, ನಿಮ್ಮ ಭಜನೆ ಮಂಡಳಿಯವರು ಎಲ್ಲ ಸೇರಿದ್ದರು. ಸದ್ದು ಮಾಡಬೇಡಿ ಎಂದು ಎಲ್ಲರಿಗೂ ಅಪ್ಪಣೆ ಕೊಟ್ಟೆ. ವಿಮಾನ ಕಂಡಿತು. ಇಯರ್‌ಫೋನ್ ಕಿವಿಗಿಟ್ಟೆ. ಬರೀ ಸುಯ್ ಎನ್ನುವ ಸದ್ದು. ನಿಮ್ಮ ಕೈಗೆ ಕೊಟ್ಟೆ.

"ಇವನು ಪೈಲಟ್ಟೋ, ದೋಸೆ ಹುಯ್ಯೋನೋ?" ಅಂದಿರಿ.

ಎಲ್ಲರೂ ನಕ್ಕರು. ನನ್ನ ಮುಖ ಬಿಸಿಯಾಯಿತು. ಇಯರ್‌ಫೋನ್ ಕಿತ್ತುಕೊಂಡು ಮತ್ತೆ ಕೇಳಿದೆ — ಅದೇ ದೋಸೆ. ಆಗ ನನ್ನ ಬಾಯಿಂದ ಬಂತು:

"ನಂಗೆ ಸ್ಪಷ್ಟವಾಗಿ ಕೇಳ್ತಾ ಇದೆ ಭಾವ. ಇಳಿಯೋಕೆ ಪರ್ಮಿಷನ್ ಕೇಳ್ತಾ ಇದಾನೆ. ಫ್ಯಾಕ್ಟರಿ ಸದ್ದಲ್ಲಿ ಅಷ್ಟು ವರ್ಷ ಇದ್ರಲ್ಲ, ನಿಮ್ಮ ಕಿವಿ ಹೋಗಿರ್ಬೇಕು."

ನೀವು ಇಯರ್‌ಫೋನನ್ನು ಮತ್ತೆ ತೆಗೆದುಕೊಂಡಿರಿ. ವಿಮಾನ ಮಲವಗೊಪ್ಪದ ಕಡೆ ಮರೆಯಾಗುವವರೆಗೆ ಕಣ್ಣು ಮುಚ್ಚಿ ಕೇಳಿದಿರಿ. "ಹೌದೇನೋ" ಅಂದಿರಿ. ಆಮೇಲೆ ತಮಾಷೆ ಮಾಡಲಿಲ್ಲ.

ಮುಂದಿನ ಶನಿವಾರ ಭಜನೆಯಲ್ಲಿ, ಅಷ್ಟು ವರ್ಷ ನೀವೇ ನುಡಿಸುತ್ತಿದ್ದ ಹಾರ್ಮೋನಿಯಂ ಅನ್ನು ಪಕ್ಕದವರ ಮುಂದೆ ಸರಿಸಿದಿರಂತೆ. "ಕಿವಿ ಹೋದೋನು ಶ್ರುತಿ ಹಿಡಿದ್ರೆ ದೇವರೇ ಎದ್ದು ಹೋಗ್ತಾನೆ" ಅಂದಿರಂತೆ. ಕಿವಿ ತೋರಿಸೋಣ ಎಂದು ಅಕ್ಕ ಗೋಗರೆದರೆ, "ಗೊತ್ತಿರೋದನ್ನೇ ಡಾಕ್ಟರ್ ಬಾಯಲ್ಲಿ ಯಾಕೆ ಹೇಳಿಸ್ಬೇಕು" ಎಂದು ಎದ್ದು ಹೋದಿರಂತೆ. ಅಕ್ಕ ಫೋನಿನಲ್ಲಿ ಹೇಳುತ್ತಾ ಅತ್ತಳು. ನಾನು — ವಯಸ್ಸಾಯಿತಲ್ಲ ಅಂದೆ.

ಅಷ್ಟರಲ್ಲಿ ನನಗೆ ನಿಜ ತಿಳಿದಿತ್ತು. ವಿಮಾನದವರು ಇಂದಿಗೂ ಮಾತಾಡುವುದು ಎಎಂನಲ್ಲೇ. ನಾನು ಆರಿಸಿದ ಸೆಟ್ ಆ ಜಾಗವನ್ನು ಮುಟ್ಟುತ್ತದೆ, ಮಾತನ್ನು ಬಿಡಿಸಲಾರದು. ನಿಮಗೆ ಹೇಳಲು ಆಗಲೇ ಬಸ್ ಹತ್ತಬಹುದಿತ್ತು. ಹತ್ತಲಿಲ್ಲ. ಬದಲಿಗೆ ಅದೇ ಅಂಗಡಿಗೆ ಹೋಗಿ, ತಳ್ಳಿದ್ದ ಇನ್ನೊಂದು ಸೆಟ್ಟನ್ನು ನನಗಾಗಿ ಕೊಂಡೆ. ನನ್ನ ತಾರಸಿಯಲ್ಲಿ ಪೈಲಟ್‌ನ ದನಿ ಮೊದಲ ಸಲ ಕೇಳಿಸಿದಾಗ — ಹೇಳಲು ನಾಚಿಕೆಯಾಗುತ್ತದೆ — ಖುಷಿಪಟ್ಟೆ. ನೀವು ನಮ್ಮ ಮನೆಗೆ ಬಂದಾಗಲೆಲ್ಲ ಅದು ಬೀರುವಿನಲ್ಲಿ, ಬಟ್ಟೆಗಳ ಹಿಂದೆ ಇರುತ್ತಿತ್ತು.

ಕಳೆದ ಶನಿವಾರ ಭಜನೆಗೆ ಬಂದಿದ್ದೆ. ನೀವು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿದ್ದಿರಿ. ಹಾರ್ಮೋನಿಯಂ ನುಡಿಸುವವರ ಬೆರಳು ಒಂದು ಸ್ವರ ತಪ್ಪಿತು. ಯಾರೂ ಗಮನಿಸಲಿಲ್ಲ. ನಿಮ್ಮ ಹುಬ್ಬು ಮಾತ್ರ ಗಂಟಿಕ್ಕಿತು, ಮೊಣಕಾಲಿನ ಮೇಲಿದ್ದ ಬೆರಳು ಸರಿಯಾದ ಸ್ವರದ ಮನೆಗೆ ಹೋಯಿತು. ಮರುಕ್ಷಣ ಕೈಯನ್ನು ಹಿಂದೆಗೆದುಕೊಂಡಿರಿ — ತಪ್ಪು ನಿಮ್ಮ ಕಿವಿಯದೇ ಎಂಬಂತೆ.

ಅದನ್ನು ನೋಡಿದ ಮೇಲೂ ಹೇಳದೆ ಬಂದೆ. ಅಂದಿನಿಂದ ನನ್ನ ರೇಡಿಯೊ ಹಚ್ಚಿಲ್ಲ.

ನಾಳೆ ಶನಿವಾರ. ಸುಳ್ಳು ಹೇಳಿದ್ದು ಮಂಡಳಿಯವರ ಮುಂದೆ, ನಿಜವನ್ನೂ ಅವರ ಮುಂದೆಯೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ; ಆ ಎರಡು ವರ್ಷದ ಹಾಡು ನನ್ನ ಬಳಿ ಇಲ್ಲ, ವಾಪಸು ಕೊಡಲು. ಎರಡನೆಯ ಸೆಟ್ಟನ್ನು ತಂದು ಎಲ್ಲರ ನಡುವೆ ಇಟ್ಟು, ವಿಮಾನ ಬರುವ ಹೊತ್ತಿಗೆ ಹಚ್ಚುತ್ತೇನೆ.

ಇಯರ್‌ಫೋನ್ ತರುವುದಿಲ್ಲ.