ನಸಾರಿಯೋ ಹಚ್ಚದೆ ಹೋದ ಒಲೆ

ತೊನಾಲಾದಲ್ಲಿ ಚಿಮಿನೇಯಾ, ಅಂದರೆ ಅಂಗಳದಲ್ಲಿಟ್ಟು ಚಳಿ ಕಾಯಿಸುವ ಮಣ್ಣಿನ ಒಲೆ, ಕೊಳ್ಳಲು ಬಂದವರು ಕೂಕಾಳ ಹತ್ತಿರ ಎರಡು ಮಾತು ಅನ್ನಿಸಿಕೊಳ್ಳದೆ ಹೋದದ್ದು ಕಡಿಮೆ. ಅವಳ ಪೂರ್ತಿ ಹೆಸರು ಮರಿಯಾ ದೆಲ್ ರೆಫೂಹಿಯೋ. ಅದು ಚರ್ಚಿನ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿಲ್ಲ. ಐವತ್ತೆಂಟು ವರ್ಷ, ಕುಳ್ಳಿ, ಕೈಗಳು ಮಾತ್ರ ಗಂಡಸಿನವು. ಅಂಗಳದ ಗೋಡೆಯುದ್ದಕ್ಕೂ ಹೊಟ್ಟೆ ದಪ್ಪ, ಕತ್ತು ಉದ್ದದ ಒಲೆಗಳು ಸಾಲಾಗಿ ನಿಂತಿರುತ್ತಿದ್ದವು. ಅವುಗಳ ನಡುವೆ ಅವಳು ಸೊಂಟಕ್ಕೆ ಕೈಯಿಟ್ಟು ನಿಂತರೆ ಸಾಲಿಗೆ ಇನ್ನೊಂದು ಸೇರಿದ ಹಾಗಿರುತ್ತಿತ್ತು.

ಆ ಜನವರಿಯ ಮಧ್ಯಾಹ್ನ ಗ್ವಾದಲಹಾರದಿಂದ ಒಂದು ಹೊಸ ಜೋಡಿ ಬಂದಿತ್ತು.

"ಇರೋದ್ರಲ್ಲಿ ದೊಡ್ಡದು ಕೊಡಿ," ಅಂದ ಗಂಡ.

"ನಿಮ್ಮ ಅಂಗಳ ಎಷ್ಟಗಲ?"

"ಐದು ಹೆಜ್ಜೆ, ಆರು ಹೆಜ್ಜೆ ಇರಬಹುದು."

"ಅದರಲ್ಲಿ ಇದನ್ನ ಇಟ್ರೆ ನೀವಿಬ್ರೂ ಹೋಗಿ ರಸ್ತೇಲಿ ಕೂರಬೇಕಾಗುತ್ತೆ. ಗಾಳಿ ಯಾವ ಕಡೆಯಿಂದ ಬರುತ್ತೆ?"

ಗಂಡ ಹೆಂಡತಿಯ ಮುಖ ನೋಡಿದ. ಕೂಕಾ ಅವನನ್ನು ಬಿಟ್ಟು ಅವಳ ಕಡೆ ತಿರುಗಿದಳು.

"ಮದುವೆಯಾಗಿ ಎಷ್ಟು ದಿನ ಆಯ್ತಮ್ಮಾ?"

"ನಾಲ್ಕು ತಿಂಗಳು."

"ನಾಲ್ಕು ತಿಂಗಳಿಂದ ಮನೇಲಿದಾನೆ, ಗಾಳಿ ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ಲ. ಒಲೆ ಬಾಯಿ ಗಾಳಿಗೆ ಎದುರಾಗಿ ಇಟ್ರೆ ಹೊಗೆ ಎಲ್ಲಾ ನಿನ್ನ ಕಣ್ಣಿಗೇ. ನೀನೇ ನೋಡ್ಕೋ, ಇವನನ್ನ ನಂಬಬೇಡ."

ಹೆಂಡತಿ ನಕ್ಕಳು. ಕೂಕಾ ಸೊಂಟದೆತ್ತರದ ಒಂದನ್ನು ಆರಿಸಿ ಬೆರಳ ಗೆಣ್ಣಿನಿಂದ ಅದರ ಹೊಟ್ಟೆಗೆ ತಟ್ಟಿದಳು. ಕಣ್ ಅಂದರೆ ಮಣ್ಣು ಗಟ್ಟಿ, ತಬ್ ಅಂದರೆ ಒಳಗೆಲ್ಲೋ ಬಿರುಕಿದೆ. ಇದು ಕಣ್ ಅಂದಿತು. ತುಟಿಯ ದಪ್ಪವನ್ನು ಎರಡು ಬೆರಳಿಟ್ಟು ಅಳೆದಳು. ಕೊನೆಗೆ ಒಲೆಯ ಬಾಯಿಯೊಳಗೆ ತಲೆಯನ್ನೇ ತೂರಿಸಿ, ಕತ್ತಿನ ಮೂಲಕ ಆಕಾಶ ಕಾಣುತ್ತದೆಯೇ ಎಂದು ನೋಡಿದಳು. ಅವಳು ಅಲ್ಲಿಂದಲೇ ಮಾತು ಮುಂದುವರಿಸಿದಾಗ ಧ್ವನಿ ಮೇಲಿನ ಕೊಳವೆಯಿಂದ ಹೊರಗೆ ಬಂತು.

"ತಳಕ್ಕೆ ಮೂರು ಬೆರಳು ಮರಳು ಹಾಕಿ. ಮೊದಲ ಐದು ಸಲ ಒಂದೊಂದು ಹಿಡಿ ಪುರಲೆ ಕಡ್ಡಿ ಮಾತ್ರ, ಮಣ್ಣಿಗೆ ಬೆಂಕಿ ಅಭ್ಯಾಸ ಆಗ್ಬೇಕು. ಮೊದಲನೇ ದಿನವೇ ದಿಮ್ಮಿ ತುಂಬಿದ್ರೆ ಸೀಳಿ ಹೋಗುತ್ತೆ. ಮಳೇಲಿ ಬಿಡಬೇಡಿ. ಬೆಂಕಿ ಆರಿಸೋಕೆ ನೀರು ಹುಯ್ದು ಒಡೆದುಕೊಂಡು ನನ್ನ ಹತ್ರ ಅಳ್ತಾ ಬರಬೇಡಿ." ತಲೆ ಹೊರಗೆ ತೆಗೆದು ಕೂದಲು ಕೊಡವಿಕೊಂಡಳು. "ಇನ್ನೊಂದು. ಕಿಟಕಿ ಕೆಳಗೆ ಮಾತ್ರ ಇಡಬೇಡಿ. ಹೊಗೆ ಎಲ್ಲಾ ಮನೆಯೊಳಗೆ ಹೋಗುತ್ತೆ."

"ಮತ್ತೆ ಅದು?" ಅಂದಳು ಹೆಂಡತಿ.

ಅಂಗಳದ ಆ ತುದಿಯಲ್ಲಿ, ಕಿಟಕಿಗೆ ಸರಿಯಾಗಿ ಕೆಳಗೆ, ಕಬ್ಬಿಣದ ಮುಕ್ಕಾಲಿಯ ಮೇಲೆ ಒಂದು ಚಿಮಿನೇಯಾ ಒಂಟಿಯಾಗಿ ಕೂತಿತ್ತು. ಬಣ್ಣವಿಲ್ಲ, ಚಿತ್ತಾರವಿಲ್ಲ. ಹೆಗಲಿಗೆ ಹಳೇ ಕಂಬಳಿ ಸುತ್ತಿತ್ತು. ಒಳಗೆ ಒಂದು ಚೂರು ಮಸಿಯಿರಲಿಲ್ಲ.

"ಅದು ಮಾರಾಟಕ್ಕಿಲ್ಲ," ಅಂದಳು ಕೂಕಾ.

ಗಂಡ ಆಗಲೇ ಅದರ ಹತ್ತಿರ ಹೋಗಿದ್ದ. ಈಗಷ್ಟೇ ಕಲಿತ ವಿದ್ಯೆಯನ್ನು ಪರೀಕ್ಷಿಸುವ ಉಮೇದು. ಗೆಣ್ಣಿನಿಂದ ತಟ್ಟಿದ. ಸಾಲಿನ ಯಾವ ಒಲೆಯೂ ಹಾಗೆ ದನಿಗೊಟ್ಟಿರಲಿಲ್ಲ. ಕಣ್ಣ್‌ ಅಂದದ್ದು ಬೇಗ ನಿಲ್ಲಲೇ ಇಲ್ಲ. ಅದು ನಿಲ್ಲುವ ಹೊತ್ತಿಗೆ ಕಿಟಕಿಯೊಳಗಿನಿಂದ ಒಂದು ಮುದಿ ಧ್ವನಿ ಕೇಳಿತು.

"ನಸಾರಿಯೋ? ಬಂದ್ಯೇನೋ ಮಗನೇ?"

"ಅಲ್ಲಮ್ಮಾ," ಅಂದಳು ಕೂಕಾ. "ಗಿರಾಕಿ."

ಜೋಡಿ ದುಡ್ಡು ಕೊಟ್ಟಿತು. ತಮ್ಮ ಒಲೆಯನ್ನು ಹುಲ್ಲಿನಲ್ಲಿ ಸುತ್ತಿಸಿಕೊಂಡು ಹೊರಟುಹೋಯಿತು.

ನಸಾರಿಯೋ ಕೂಕಾಳ ತಮ್ಮ. ತಂದೆಯ ಕೈಗುಣ ಬಂದದ್ದು ಅವನಿಗೆ. ಆಗ ಒಲೆಗಳನ್ನು ಮಾಡುತ್ತಿದ್ದದ್ದು ಅವನು, ಮಾರುತ್ತಿದ್ದದ್ದು ಇವಳು; ಈಗ ಎರಡೂ ಇವಳದೇ. ಒಂಬತ್ತು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ತಾಯಿ ದೋನ್ಯಾ ಲಾಲಾಳ ಮೊಣಕಾಲಿಗೆ ಚಳಿ ಹಿಡಿದು ಅವಳು ರಾತ್ರಿಯೆಲ್ಲ ನರಳುತ್ತಾಳೆಂದು, ಗಿರಾಕಿಗಳ ಕೆಲಸ ಬದಿಗಿಟ್ಟು ಅವಳಿಗಾಗಿಯೇ ಈ ಒಂದನ್ನು ಮಾಡಿದ. ಸುಟ್ಟು, ಆರಿಸಿ, ಅವಳ ಕಿಟಕಿಯ ಕೆಳಗೆ ತಂದಿಟ್ಟ. ಕಿಟಕಿ ಕೆಳಗೆ ಯಾಕೋ ಅಂತ ಕೂಕಾ ಜಗಳಕ್ಕೇ ನಿಂತಿದ್ದಳು. "ಅಮ್ಮ ಹಾಸಿಗೆಯಿಂದಲೇ ಕೈ ಕಾಯಿಸ್ಕೋಬೇಕು, ಹೊಗೆಗೆ ಆಮೇಲೆ ಏನಾದ್ರೂ ಮಾಡೋಣ ಬಿಡೇ," ಅಂದಿದ್ದ.

ಅವರ ಮನೆಯಲ್ಲಿ ತಾತನ ಕಾಲದಿಂದ ಒಂದು ಕಟ್ಟು ನಡೆದು ಬಂದಿತ್ತು. ಯಾರು ಮಾಡಿದರೋ ಅವರೇ ಒಲೆಯ ಮೊದಲ ಬೆಂಕಿ ಹಚ್ಚಬೇಕು. ಮಾರುವ ಒಲೆಗೂ ಅಷ್ಟೆ, ಒಂದು ಹಿಡಿ ಪುರಲೆ ಉರಿಸಿ, ಬೂದಿ ಒರೆಸಿಯೇ ಕೊಡುವುದು. ಮಾಡಿದವನು ಹಚ್ಚುವ ಮೊದಲೇ ಸತ್ತರೆ, ಮಣ್ಣು ಮಾಡಿ ಬಂದ ಮೇಲೆ ಮನೆಯವರು ಹಚ್ಚುತ್ತಾರೆ. ಅವನು ಇನ್ನಿಲ್ಲ ಎಂದು ಮನೆ ಒಪ್ಪಿಕೊಂಡ ಗುರುತು ಅದು.

ಆ ದಿನ ನಸಾರಿಯೋ ಚಪಾಲಾದ ಕಡೆ ಒಬ್ಬರ ಮನೆಗೆ ಮೂರು ಒಲೆ ಮುಟ್ಟಿಸಲು ಹೊರಟಿದ್ದ. "ಸಾಯಂಕಾಲ ಬಂದು ಹಚ್ತೀನಿ, ನೀವು ಯಾರೂ ಕಡ್ಡಿ ಗೀರಬೇಡಿ," ಅಂದು ಹೋದ. ಮೂರನೇ ದಿನ ಅವನ ಗಾಡಿ ರಸ್ತೆ ಬದಿಯಲ್ಲಿ ಸಿಕ್ಕಿತು. ಹಿಂದೆ ಹುಲ್ಲಿನಲ್ಲಿ ಮೂರೂ ಒಲೆ ಒಂದು ಗೀರೂ ಇಲ್ಲದೆ ನಿಂತಿದ್ದವು. ಅವನು ಸಿಗಲಿಲ್ಲ. ಆ ಸೀಮೆಯಲ್ಲಿ ಹೀಗೆ ಕಾಣೆಯಾದವರ ಪಟಗಳು ಕಂಬಕಂಬಕ್ಕೂ ಅಂಟಿವೆ. ಅವನದೂ ಒಂದು ಅಂಟಿತು.

ಅಂದಿನಿಂದ ಆ ಒಲೆಯನ್ನು ಯಾರೂ ಹಚ್ಚಲಿಲ್ಲ, ಕದಲಿಸಲೂ ಇಲ್ಲ. ಹಚ್ಚಿದರೆ ಅವನು ಸತ್ತ ಹಾಗೆ. ಊರಿಗೆಲ್ಲ ಚಳಿ ಕಾಯಿಸುವ ಒಲೆ ಮಾರುವವಳ ತಾಯಿ, ತನಗೆಂದೇ ಮಾಡಿದ ಒಲೆಯ ಮಗ್ಗುಲಲ್ಲಿ ಒಂಬತ್ತು ಚಳಿಗಾಲ ನಡುಗುತ್ತ ಕೂತಳು. ಕರೆಂಟಿನ ಹೀಟರ್ ತಂದುಕೊಟ್ಟರೆ ಮೂಲೆಗೆ ತಳ್ಳಿ ಅದರ ಮೇಲೆ ಬಟ್ಟೆ ಒಣಹಾಕಿದಳು.

ಸಂಜೆ ಐದರ ಹೊತ್ತಿಗೆ ನದಿಯ ಕೊರಕಲಿನಿಂದ ಗಾಳಿ ಏಳುತ್ತದೆ. ಆಗ ಆ ಒಲೆ ದನಿ ಮಾಡುತ್ತಿತ್ತು. ಬೇರೆ ಯಾವುದೂ ಮಾಡುತ್ತಿರಲಿಲ್ಲ. ಮಣ್ಣು ತುಳಿಯುವಾಗ ನಸಾರಿಯೋ ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಗುನುಗುತ್ತಿದ್ದ ರಾಗದ ಎಳೆತವೇ ಅದು, ಏರುವುದಿಲ್ಲ, ಇಳಿಯುವುದಿಲ್ಲ. ದಾಲ್ಚಿನ್ನಿ ಬಣ್ಣದ ಅವರ ಬೆಕ್ಕು ಸಾಲಿನ ಎಲ್ಲ ಒಲೆಗಳಲ್ಲೂ ಸರದಿಯ ಮೇಲೆ ಮಲಗುತ್ತಿತ್ತು, ಇದರ ಹತ್ತಿರ ಬಂದರೆ ಮೈ ಕುಗ್ಗಿಸಿ ಸುತ್ತು ಹಾಕಿ ಹೋಗುತ್ತಿತ್ತು. ಕೂಕಾ ಭಯಸ್ಥೆಯಲ್ಲ. ಆದರೂ ಐದು ಗಂಟೆಗೆ ಆ ಕಡೆ ಬೆನ್ನು ಮಾಡಿ ನಿಲ್ಲಲು ಅವಳಿಂದ ಆಗುತ್ತಿರಲಿಲ್ಲ. ಒಳಗೋಡೆಯ ಮೇಲೆ ಅವನು ಹಸಿಮಣ್ಣು ಸವರಿದ ನಾಲ್ಕು ಬೆರಳ ಗುರುತಿತ್ತು. ಒಮ್ಮೆ ಅದರಲ್ಲಿ ತನ್ನ ಬೆರಳಿಟ್ಟು ನೋಡಿ, ಸುಟ್ಟುಕೊಂಡವಳಂತೆ ಕೈ ಹಿಂದಕ್ಕೆಳೆದುಕೊಂಡಿದ್ದಳು.

ಇದಕ್ಕೆ ಇನ್ನೊಂದು ಕಾರಣವಿತ್ತು. ಅದು ಅವಳ ಹೊಟ್ಟೆಯಲ್ಲೇ ಇತ್ತು.

ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ ಗುರುತು ಪತ್ತೆಯ ಕಚೇರಿಯಿಂದ ಅವಳಿಗೆ ಕರೆ ಬಂತು. ಪರೀಕ್ಷೆಗೆಂದು ಅವಳು ಕೊಟ್ಟಿದ್ದ ರಕ್ತ ಒಂದಿಷ್ಟು ಎಲುಬಿಗೆ ತಾಳೆಯಾಗಿತ್ತು. ಸಹಿ ಹಾಕಿ, ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಪಡೆದುಕೊಂಡಳು. ಮನೆಗೆ ತರಲಿಲ್ಲ. ತಾಯಿಗೆ ಸಂತೆಗೆ ಹೋಗುತ್ತೇನೆಂದು ಹೇಳಿ ಹೋಗಿದ್ದವಳು, ಪಾದ್ರಿ ಮತ್ತು ಗುಂಡಿ ತೋಡುವವನ ಎದುರಿಗೆ ತಮ್ಮನನ್ನು ಅಪ್ಪನ ಮಗ್ಗುಲಲ್ಲಿ ಮಣ್ಣು ಮಾಡಿದಳು. ಯಾರಾದರೂ ನೋಡಿ ತಾಯಿಗೆ ಹೇಳಿಯಾರೆಂದು ಕಲ್ಲಿಗೆ ಹೆಸರನ್ನೂ ಹಾಕಿಸಲಿಲ್ಲ. ಹೇಳಿದರೆ ಮುದುಕಿ ಆ ದಿನವೇ ಹೋಗುತ್ತಾಳೆ ಎಂಬ ಹೆದರಿಕೆ ಒಂದು. ಹೆತ್ತವಳನ್ನು ಬಿಟ್ಟು ಮಗನನ್ನು ಮಣ್ಣು ಮಾಡಿದೆನಲ್ಲ ಎಂಬ ನಾಚಿಕೆ ಇನ್ನೊಂದು. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಎರಡು ವರ್ಷವಾಗಿ ಹೋಯಿತು. ಕಿಟಕಿಯಿಂದ "ಬಂದ್ಯೇನೋ" ಎಂಬ ಕೂಗು ಮಾತ್ರ ನಿಲ್ಲಲಿಲ್ಲ.

ಆ ಜನವರಿಯಲ್ಲಿ ದೋನ್ಯಾ ಲಾಲಾಗೆ ಎಂಬತ್ತಾರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಬೆಚ್ಚಗಿಡಿ, ಇನ್ನು ಮಾಡುವುದು ಏನೂ ಇಲ್ಲ ಅಂದಿದ್ದ ಡಾಕ್ಟರ್.

ಜೋಡಿ ಹೋದ ಮೇಲೆ ಕೂಕಾ ಬಿಸಿ ಅತೋಲೆಯ ಲೋಟ ಹಿಡಿದು ಒಳಗೆ ಹೋದಳು. ಮುದುಕಿ ಜೋಳದ ಆ ಗಂಜಿಯನ್ನು ಮುಟ್ಟಲಿಲ್ಲ.

"ನನ್ನನ್ನ ಹೊರಗೆ ಕೂರಿಸು. ಅದನ್ನ ಹಚ್ಚು."

"ಯಾವುದನ್ನ?"

"ನಿನ್ನ ತಮ್ಮ ಮಾಡಿದ್ದನ್ನ."

ಕೂಕಾ ಲೋಟ ಕೆಳಗಿಟ್ಟಳು. "ಅಮ್ಮಾ, ಅವನು ಬಂದು ಹಚ್ಚಬೇಕಲ್ಲ."

"ಸಾಕು ಕಣೇ ಕೂಕಾ," ಅಂದಳು ಮುದುಕಿ. "ನಿನಗೂ ಸುಸ್ತಾಗಿದೆ, ನನಗೂ ಸುಸ್ತಾಗಿದೆ."

ಕೂಕಾ ಮಂಚದ ತುದಿಯಲ್ಲಿ ಕೂತುಬಿಟ್ಟಳು.

"ಅವತ್ತು ಸಂತೆಗೆ ಅಂತ ಹೋದವಳು ಮಧ್ಯಾಹ್ನ ಬಂದು ಅದರ ಬಾಯೊಳಗೆ ತಲೆಯಿಟ್ಟು ಅವನಿಗೆಲ್ಲಾ ಹೇಳಿದೆಯಲ್ಲ. ಸಿಕ್ಕಿದೆ ಕಣೋ, ಮಲಗಿಸಿ ಬಂದೆ, ಅಮ್ಮನಿಗೆ ಹೇಗೆ ಹೇಳಲಿ ಅಂತ. ನಾನು ನಿದ್ದೆ ಮಾಡ್ತಿದೀನಿ ಅಂದ್ಕೊಂಡೆ ನೀನು. ಊರವರಿಗೆಲ್ಲಾ ಕಿಟಕಿ ಕೆಳಗೆ ಇಡಬೇಡಿ ಅಂತ ಬೈತೀಯ. ನೀನು ಅಂದಿದ್ದು ಒಂದೊಂದೂ ಆ ಕತ್ತಿನಿಂದ ನೇರ ನನ್ನ ದಿಂಬಿಗೇ ಬಂತು."

"ಎರಡು ವರ್ಷದಿಂದ ಗೊತ್ತಾ ನಿನಗೆ? ಮತ್ತೆ, ಈಗ ಕೂಡ ಕೂಗಿದೆಯಲ್ಲ, ಬಂದ್ಯೇನೋ ಅಂತ?"

"ನಾನು ಕೂಗೋದು ನಿಲ್ಲಿಸಿದ್ರೆ ನನಗೆ ತಿಳಿದಿದೆ ಅಂತ ನಿನಗೆ ತಿಳಿದುಬಿಡುತ್ತಲ್ಲ. ನೀನಾಗಿ ಹೇಳ್ತೀಯ ಅಂತ ಕಾದೆ. ಆಮೇಲೆ ಅನ್ನಿಸ್ತು, ಅವನು ಬರ್ತಾನೆ ಅಂತ ಕಾಯೋಳು ಈ ಮನೇಲಿ ಒಬ್ಬಳಾದ್ರೂ ಇರಲಿ, ನಿನಗೆ ಅದು ಬೇಕು ಅಂತ."

ಕೂಕಾ ಅತ್ತಳು. ಎರಡು ವರ್ಷದ್ದನ್ನೆಲ್ಲ ಸೇರಿಸಿ ಅತ್ತಳು. ಮುದುಕಿ ತಡೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅಳೋದು ಆಮೇಲೂ ಇರುತ್ತೆ, ಈಗ ಬಿಸಿಲಿದೆ, ಎತ್ತು ನನ್ನ," ಅಂದಳು.

ಕೂಕಾ ಒಲೆಯ ಮೇಲಿನ ಕಂಬಳಿ ತೆಗೆದು ತಾಯಿಗೆ ಸುತ್ತಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ತಳಕ್ಕೆ ಮರಳು ಹಾಕಿದಳು. ಒಂದು ಹಿಡಿ ಪುರಲೆ ಒಟ್ಟಿ, ಬೆಂಕಿಪೊಟ್ಟಣವನ್ನು ತಾಯಿಯ ಕೈಗೆ ಕೊಟ್ಟಳು. ಮುದುಕಿ ಗೀರಿದ ಎರಡು ಕಡ್ಡಿ ಕೆಟ್ಟವು. ಮೂರನೆಯದು ಹತ್ತಿತು.

"ಇಷ್ಟೇನಾ?" ಅಂದಳು, ಉರಿ ನೋಡಿ.

"ಮೊದಲನೇ ಬೆಂಕಿ ಅಮ್ಮಾ. ಇಂಥವು ಐದಾಗ್ಬೇಕು. ಇಲ್ಲಾಂದ್ರೆ ಸೀಳುತ್ತೆ."

"ನನಗೆ ಹೇಳಿಕೊಡಬೇಡ, ನಿನ್ನ ತಾತ ಅದನ್ನ ನಿನಗಿಂತ ಮೊದಲು ನನಗೇ ಕಲಿಸಿದ್ದು. ನನ್ನ ಹತ್ರ ಐದು ಬೆಂಕಿಗೆ ಆಗೋಷ್ಟು ಉಸಿರಿದೆಯಾ ಅಂತ ಡಾಕ್ಟರನ್ನ ಕೇಳ್ಕೊಂಡು ಬಾ ಹೋಗು." ಮುದುಕಿ ಸುಧಾರಿಸಿಕೊಂಡಳು. "ಅವನು ಇದನ್ನ ನೋಡೋಕೆ ಅಂತ ಮಾಡಲಿಲ್ಲ. ನನ್ನ ಮೊಣಕಾಲಿಗೆ ಅಂತ ಮಾಡಿದ. ಹಾಕು ದಿಮ್ಮಿ."

ನಲವತ್ತು ವರ್ಷದಲ್ಲಿ ಯಾವ ಗಿರಾಕಿ ಇಂಥದ್ದು ಮಾಡಿದ್ದರೂ ಕೂಕಾ ಅವನ ಏಳು ತಲೆಮಾರು ಜಾಲಾಡುತ್ತಿದ್ದಳು. ಓಕ್ ಮರದ ಒಂದು ದಿಮ್ಮಿ ಎತ್ತಿದಳು, ಇಟ್ಟಳು. ಎರಡನೆಯದನ್ನೂ ಇಟ್ಟಳು. ಉರಿ ಎದ್ದಾಗ ಒಳಗೋಡೆಯ ನಾಲ್ಕು ಬೆರಳ ಗುರುತು ಒಮ್ಮೆ ನಿಚ್ಚಳವಾಗಿ ಕಂಡಿತು. ಆಮೇಲೆ ಮಸಿ ಅದರ ಮೇಲೆ ಹತ್ತಿತು.

ಮುದುಕಿ ಕಾಲುಚೀಲ ಕಿತ್ತು ಪಾದಗಳನ್ನು ಮುಂದೆ ಚಾಚಿದಳು. ಬೆರಳುಗಳು ನೀಲಿಯಿದ್ದವು, ಕೆಂಪಿಗೆ ತಿರುಗಿದವು.

ಟಕ್ ಅಂದಿತು ಒಲೆ. ಬಾಯಿಯ ಮೂಲೆಯಿಂದ ಕತ್ತಿನವರೆಗೆ ಒಂದು ಬಿರುಕು ಓಡಿತು. ಕೂಕಾ ಎದ್ದಳು, ತಾಯಿ ಅವಳ ಲಂಗ ಹಿಡಿದು ಕೂರಿಸಿದಳು.

ಐದಕ್ಕೆ ಕೊರಕಲಿನಿಂದ ಗಾಳಿ ಬಂತು. ಇಬ್ಬರೂ ತಲೆಯೆತ್ತಿದರು. ಬಿರುಕಿನಿಂದ ಹೊಗೆ ಸೋರಿತು, ಕಿಟಕಿಯೊಳಗೆ ಹೋಯಿತು. ದನಿ ಬರಲಿಲ್ಲ.

ಮುದುಕಿ ಕೇಳಿದಳು, "ಎಲ್ಲಿ ಮಲಗಿಸಿದೀಯ?"

"ಅಪ್ಪನ ಪಕ್ಕದಲ್ಲಿ. ಗೋಡೆ ಕಡೆ."

"ಕಲ್ಲಿಗೆ ಹೆಸರಿದೆಯಾ?"

"ಇಲ್ಲಮ್ಮಾ."

"ಬರೆಸು. ನನ್ನದನ್ನೂ ಜೊತೇಲೇ ಬರೆಸಿಬಿಡು, ಎರಡು ಸಲ ಯಾಕೆ ಓಡಾಡ್ತೀಯ."

ಹನ್ನೊಂದು ದಿನ ಬದುಕಿದಳು ದೋನ್ಯಾ ಲಾಲಾ. ಕೂಕಾ ಬಿರುಕಿಗೆ ತಂತಿ ಬಿಗಿದು ಹನ್ನೊಂದು ದಿನವೂ ಅಂಗಳದಲ್ಲಿ ಬೆಂಕಿ ಹಾಕಿದಳು. ತಾಯಿಯ ಪಾದ ಕೊನೆಯವರೆಗೂ ಬೆಚ್ಚಗಿತ್ತು ಎಂದು ಈಗಲೂ ಹೇಳುತ್ತಾಳೆ.

ಒಲೆ ಇನ್ನೂ ಕಿಟಕಿಯ ಕೆಳಗೇ ಇದೆ. ಗಿರಾಕಿಗಳಲ್ಲಿ ಯಾರಾದರೊಬ್ಬರು ಹೋಗಿ ಅದನ್ನು ತಟ್ಟುತ್ತಾರೆ. ತಬ್ ಅನ್ನುತ್ತದೆ.

"ಇದು ಒಡೆದಿದೆಯಲ್ಲಾ," ಅನ್ನುತ್ತಾರೆ.

"ಹೌದು, ನಾನೇ ಒಡೆದಿದ್ದು," ಅನ್ನುತ್ತಾಳೆ ಕೂಕಾ, ಮತ್ತೆ ಗಾಳಿ, ಮರಳು, ಪುರಲೆಯ ಮಾತಿಗೆ ಬರುತ್ತಾಳೆ. ಐದು ಗಂಟೆಯಾದರೆ ಮಾತ್ರ ಮಾತಿನ ನಡುವೆ ನಿಂತು ಆ ಕಡೆ ಕಿವಿಗೊಡುತ್ತಾಳೆ. ಅಲ್ಲಿ ಒಲೆಯೊಳಗೆ, ಬೂದಿಯ ಮೇಲೆ, ಬೆಕ್ಕು ಮಲಗಿರುತ್ತದೆ.