ನಾಲ್ಕು ಪೆಟ್ಟಿಗೆಗಳ ನಡುವಿನ ಕುರ್ಚಿ

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದನ್ನು ಯಾವತ್ತೂ ಮುಚ್ಚಿಟ್ಟಿಲ್ಲ. ದೊಡ್ಡಬಳ್ಳಾಪುರದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟು, ಸೈಕಲ್ಲಿಗೆ ಮೈಕಿನ ಹಾರನ್ ಕಟ್ಟಿಕೊಂಡು ನೆಲಮಂಗಲ, ಘಾಟಿ ಎಲ್ಲ ತುಳಿದಿದ್ದೇನೆ. ಮೈದಾನದ ನಾಲ್ಕು ಮೂಲೆಗೆ ನಾಲ್ಕು ಹಾರನ್ ಕಟ್ಟಿದ ಮೇಲೆ, ಒಂದೊಂದರ ಕೆಳಗೂ ಹೋಗಿ ನಿಂತು, ಕಣ್ಣು ಮುಚ್ಚಿ ಕೇಳದೆ ಯಾರ ಕೈಗೂ ಮೈಕು ಕೊಟ್ಟವನಲ್ಲ. ನಾಲ್ಕರಲ್ಲಿ ಒಂದರ ತಂತಿ ಅದಲುಬದಲಾದರೂ ನಡುವೆ ಕೂತವರಿಗೆ ಮಾತು ಸೊರಗುತ್ತದೆ. ಒಂದು ಹಾರನ್ನು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಅಷ್ಟೇ. ಇದನ್ನು ಯಾವ ಪುಸ್ತಕವೂ ನನಗೆ ಕಲಿಸಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ, ಹೊಸಕೋಟೆ ಪಕ್ಕದ ಪಿಲ್ಲಗುಂಪೆಯಲ್ಲಿ ಒಂದು ಸಣ್ಣ ಕಾರ್ಖಾನೆಯವರು ಹೊರದೇಶಕ್ಕೆ ಕಳಿಸಲು ಸ್ಪೀಕರ್ ಪೆಟ್ಟಿಗೆ ಮಾಡುತ್ತಿದ್ದರು. ಅವರಿಗೆ ಕೇಳುವವನೊಬ್ಬ ಬೇಕಾಗಿದ್ದ. ದಿನವಿಡೀ ಕೂತು ಕೇಳಿ, ಎಲ್ಲಿ ಸರಿ ಎಲ್ಲಿ ತಪ್ಪು ಎಂದು ಹೇಳುವುದೇ ಕೆಲಸ. ಬೇರೆ ಯಾವ ಕೆಲಸಕ್ಕೂ ನಾನು ಅಷ್ಟು ಆಸೆಪಟ್ಟಿರಲಿಲ್ಲ. ಮದುವೆ ಮನೆಯಲ್ಲಿ ಮೈಕ್‌ಸೆಟ್ಟಿನವನನ್ನು ಕೊನೆಯ ಪಂಕ್ತಿಗೆ ಕರೆಯುತ್ತಾರೆ. ಇಲ್ಲಿ ನನ್ನ ಕಿವಿಗೇ ಒಂದು ಕುರ್ಚಿ ಹಾಕುತ್ತಾರೆ ಅನ್ನಿಸಿತ್ತು.

ಪರೀಕ್ಷೆಗೆ ಐದು ಜನ ಹೋಗಿದ್ದೆವು. ಒಂದು ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಪೆಟ್ಟಿಗೆ, ನಡುವೆ ಒಂದು ಕುರ್ಚಿ, ಸರದಿಯಂತೆ ಕೂತು ಕೇಳಬೇಕು. ಹೊರದೇಶದವರು ಕಳಿಸಿದ ಎರಡು ಇಂಗ್ಲಿಷ್ ಆಲ್ಬಂ ಹಾಕುತ್ತಾರೆ. ಯಾವುದನ್ನು ನಾಲ್ಕು ಮೂಲೆಗೆ ಚೆನ್ನಾಗಿ ಹಂಚಿದ್ದಾರೆ, ಯಾಕೆ ಎಂದು ನಾವು ಹೇಳಬೇಕು. ಹೆವಿ ಮೆಟಲ್ ಅನ್ನುತ್ತಾರೆ ಇದಕ್ಕೆ ಎಂದರು ಮ್ಯಾನೇಜರು. ಕಬ್ಬಿಣದ ಅಂಗಡಿಗೆ ಲಾರಿ ನುಗ್ಗಿದ ಹಾಗಿತ್ತು.

ಮೊದಲನೆಯದನ್ನು ಹಾಕಿದಾಗ ನಾನು ಕುರ್ಚಿಯಲ್ಲಿ ಕೂರಲಿಲ್ಲ. ಅಭ್ಯಾಸಬಲ, ಒಂದೊಂದು ಪೆಟ್ಟಿಗೆಯ ಹತ್ತಿರವೂ ಹೋಗಿ ಕಿವಿಯಿಟ್ಟೆ. ಮುಂದಿನವು ಸರಿಯಾಗಿದ್ದವು.

"ಸಾರ್, ಹಿಂದಿನ ಎರಡೂ ಕೆಟ್ಟಿವೆ. ಹಾಡೋನ ಗಂಟಲೇ ಇಲ್ಲ ಇವುಗಳಲ್ಲಿ," ಅಂದೆ.

"ಇದು ಗಣೇಶನ ಪೆಂಡಾಲಲ್ಲಪ್ಪ, ನಾಲ್ಕೂ ಒಂದನ್ನೇ ಕೂಗೋಕೆ," ಅಂದರು ಮ್ಯಾನೇಜರು. ಉಳಿದ ನಾಲ್ವರೂ ನಕ್ಕರು.

ಕುರ್ಚಿಯಲ್ಲಿ ಕೂತ ಮೇಲೆ ತಿಳಿಯಿತು. ಡ್ರಮ್ಮು, ಹಾಡುವವನು ಎದುರಿಗೆ, ಗಿಟಾರುಗಳು ಎಡಬಲಕ್ಕೆ, ಹಿಂದಿನಿಂದ ಬರುತ್ತಿದ್ದದ್ದು ಅವರು ಬಾರಿಸಿದ ಸಭಾಂಗಣದ ಗುಂಯ್‌ ಮಾತ್ರ. ಅಷ್ಟು ಗದ್ದಲದಲ್ಲೂ ಯಾರೂ ಯಾರನ್ನೂ ತುಳಿಯುತ್ತಿರಲಿಲ್ಲ. ಎರಡನೆಯದರಲ್ಲಿ ಗಿಟಾರು ತಲೆಯ ಸುತ್ತ ಕಣಜದ ಹುಳದಂತೆ ಸುತ್ತಿತು. ಎಲ್ಲರೂ ತಲೆದೂಗಿದರು. ಆದರೆ ನಾಲ್ಕೂ ಪೆಟ್ಟಿಗೆ ಒಟ್ಟಿಗೆ ಗುದ್ದುವ ಜಾಗದಲ್ಲಿ ಡ್ರಮ್ಮಿನ ಹೊಟ್ಟೆಯೇ, ಆ ತುಂಬಿದ ದಪ್ಪ ದನಿಯೇ, ಮಾಯ. ಎದ್ದು ಗೋಡೆಯ ಹತ್ತಿರ ಹೋದೆ, ಅಲ್ಲಿ ಹೊಟ್ಟೆ ಇತ್ತು. ಕುರ್ಚಿಗೆ ಬಂದೆ, ಇಲ್ಲ. ಮೊದಲ ಆಲ್ಬಮ್ಮಿನಲ್ಲಿ ಹೀಗಾಗಿರಲಿಲ್ಲವಾದ್ದರಿಂದ ಕೋಣೆಯ ತಂತಿಗಳದ್ದಲ್ಲ ತಪ್ಪು. ಆಲ್ಬಂ ಕೂಡಿಸಿದವನೇ ಹಿಂದಿನ ಡ್ರಮ್ಮನ್ನು ತಿರುಗುಮುರುಗು ಹಾಕಿದ್ದ, ಮುಂದಿನವು ತಳ್ಳುವಾಗ ಹಿಂದಿನವು ಎಳೆಯುತ್ತಿದ್ದವು.

ಅಲ್ಲೇ ಹೇಳಬಹುದಿತ್ತು. ನಕ್ಕವರ ಮುಂದೆ ಬೇಡ ಅನ್ನಿಸಿತು. ಟೀ ಆದ ಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ, ಆಗ ಹೇಳಿದರೆ ನೆಟ್ಟಗೆ ತಾಗುತ್ತದೆ ಎಂದುಕೊಂಡೆ.

ಟೀ ಕುಡಿಯುವಾಗ, ಬೆಂಗಳೂರಿನಿಂದ ಬಂದಿದ್ದ ಬಿಎಸ್ಸಿ ಓದಿದವನು ಪಕ್ಕಕ್ಕೆ ಬಂದ. "ಗುರು, ಎರಡನೇದ್ರಲ್ಲಿ ಎದ್ದು ಗೋಡೆ ಹತ್ರ ಯಾಕೆ ಹೋದ್ರಿ? ನಂಗೆ ಗಿಟಾರ್ ಸುತ್ತಿದ್ದೊಂದೇ ಗೊತ್ತಾಗಿದ್ದು."

ಹೇಳಿಬಿಟ್ಟೆ. ತಳ್ಳುವುದು ಎಳೆಯುವುದು ಎಲ್ಲವನ್ನೂ ಎರಡು ಅಂಗೈ ಎದುರುಬದುರು ಹಿಡಿದು ತೋರಿಸಿದೆ. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಒಬ್ಬ ಬಿಎಸ್ಸಿಯವನು ನನ್ನ ಕಿವಿಯನ್ನು ಹಾಗೆ ನೋಡಿದ್ದು ಅದೇ ಮೊದಲು. ಆ ನೋಟಕ್ಕೆ ಇನ್ನಷ್ಟು ಹೇಳಿದೆ.

ಅವನನ್ನು ನನಗಿಂತ ಮೊದಲು ಕರೆದರು.

ನನ್ನ ಸರದಿ ಬಂದಾಗ, ಎರಡನೆಯದರ ಡ್ರಮ್ಮು ಎಂದು ಬಾಯಿ ತೆಗೆಯುತ್ತಿದ್ದಂತೆ ಮ್ಯಾನೇಜರು ಕೈಯೆತ್ತಿದರು. "ಹಿಂದಿನ ಡ್ರಮ್ಮು ಉಲ್ಟಾ ಅಂತ ಈಗ್ತಾನೇ ಅವರು ಹೇಳಿ ಹೋದ್ರು. ಹೊರಗಡೆ ಕೇಳಿಸ್ಕೊಂಡು ಬಂದ್ಯಾ? ನೀನು ಪೆಟ್ಟಿಗೆ ಕೆಟ್ಟಿದೆ ಅಂದೋನಲ್ವಾ?"

ನಾನು ಹೇಳಿಕೊಟ್ಟಿದ್ದು ಸಾರ್ ಅನ್ನಬಹುದಿತ್ತು. ಅನ್ನಲಿಲ್ಲ. ನನ್ನ ಕಿವಿಗೆ ಸಾಕ್ಷಿ ಹುಡುಕಿ ಬೇಡುವ ಗತಿ ನನಗೆ ಬಂದಿರಲಿಲ್ಲ. ಬೇಕಾದರೆ ಪ್ಯಾಕಿಂಗಿಗೆ ಬಾ ಎಂದರು. ನನಗೆ ಅಂಗಡಿ ಇದೆ ಎಂದು ಎದ್ದು ಬಂದೆ. ಕುರ್ಚಿ ಅವನಿಗಾಯಿತು.

ಅವನೇನೂ ಕದ್ದಿರಲಿಲ್ಲ. ಹೊಗಳಿಕೆಯ ಆಸೆಗೆ ಕೈಯಾರೆ ಕೊಟ್ಟವನು ನಾನು. ಇಷ್ಟು ವರ್ಷವಾದರೂ ಮರೆಯಲಾಗದ್ದು ಇದೇ.

ಪರೀಕ್ಷೆಯ ಮಾರನೆಯ ಸಂಜೆ ದೇವನಹಳ್ಳಿಯಲ್ಲಿ ಒಂದು ಸಭೆ. ನಾಲ್ಕು ಹಾರನ್ ಕಟ್ಟಿದೆ. ಬೇಕೆಂದೇ ಒಂದರ ತಂತಿ ಅದಲುಬದಲು ಮಾಡಿದೆ. ಯಾರಿಗಾದರೂ ತಿಳಿಯುತ್ತದಾ ನೋಡೋಣ ಎಂದು ನಡುವೆ ಕೂತೆ. ಮೊದಲನೆಯವರ ಭಾಷಣ ಸೊರಗಿ ಸೊರಗಿ ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಒಬ್ಬರೂ ಕತ್ತೆತ್ತಿ ಕಂಬದ ಕಡೆ ನೋಡಲಿಲ್ಲ. ಎರಡನೆಯವರು ಶುರುಮಾಡಿದಾಗ ನನಗೇ ತಡೆಯಲಾಗಲಿಲ್ಲ. ಕಂಬ ಹತ್ತಿ ತಂತಿ ಸರಿಮಾಡಿ ಇಳಿದೆ. ಮಾತಿಗೆ ಹೊಟ್ಟೆ ಬಂತು. ಅದೂ ಯಾರಿಗೂ ತಿಳಿಯಲಿಲ್ಲ.