ಆಯಿ ನೋಡದ ಬೆಂಕಿಬೆಟ್ಟ

ಇವತ್ತು ಬೆಳಿಗ್ಗೆ ಬಾಳೆಎಲೆ ಬಾಡಿಸುತ್ತಿದ್ದೆ. ಪಕ್ಕದಲ್ಲಿ ಮಗಳು ಮೊಬೈಲಿನಲ್ಲಿ ಯಾಣದ ದಾರಿ ನೋಡುತ್ತಿದ್ದಳು. ಎಲೆಯ ಆ ಘಮಕ್ಕೆ ನನ್ನ ಅಮ್ಮ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ನೆನಪಾದಳು.

ಯಾಣವೆಂದರೆ ಭಸ್ಮಾಸುರ ಸುಟ್ಟುಹೋದ ಜಾಗ, ಅದಕ್ಕೇ ಅಲ್ಲಿ ಮಣ್ಣೂ ಕಪ್ಪು ಎನ್ನುತ್ತಿದ್ದಳು ಆಯಿ. ನಾನು ಶಾಲೆಯ ಪುಸ್ತಕದ ಜ್ವಾಲಾಮುಖಿ ಚಿತ್ರ ತೋರಿಸಿ, ಯಾಣದ ಕಪ್ಪು ಬಂಡೆಯೂ ಇಂಥದ್ದೇ ಎಂದು ವಾದಿಸುತ್ತಿದ್ದೆ. ನಮ್ಮಿಬ್ಬರ ಜಗಳ ತೀರಿಸಲೆಂದೇ ಅಪ್ಪ ಜೀಪು ಗೊತ್ತುಮಾಡಿದ. ಆಯಿ ನಸುಕಿನಲ್ಲೇ ಎದ್ದು ಬಾಡಿಸಿದ ಬಾಳೆಎಲೆಯಲ್ಲಿ ಎಲ್ಲರಿಗೂ ಒಂದೊಂದು ಅವಲಕ್ಕಿ ಪೊಟ್ಟಣ ಕಟ್ಟಿದಳು.

ಜೀಪು ಬಂದಾಗ ಅವಳು ಹಿತ್ತಿಲ ಬಾಗಿಲಾಚೆ ನಿಂತಿದ್ದಳು. "ಎಂಗೆ ಬಪ್ಪಲಾಗ್ತಿಲ್ಲೆ. ನಿಂಗ ಹೋಗ್ಬನ್ನಿ." ಆಗಷ್ಟೇ ಮುಟ್ಟಾಗಿದ್ದಳು. ಬಂಡೆಯ ಬುಡದಲ್ಲೇ ದೇವಸ್ಥಾನ, ಅಲ್ಲಿಗೆ ಬರುವಂತಿರಲಿಲ್ಲ.

"ನಿಂದು ಯಾವಾಗ್ಲೂ ಹಿಂಗೇಯ!" ಎಂದು ಕೂಗಿ ಜೀಪು ಹತ್ತಿದೆ. ದಾರಿಯಲ್ಲಿ ಅವಳ ಪಾಲಿನ ಪೊಟ್ಟಣವನ್ನೂ ನಾನೇ ತಿಂದೆ.

ಬರುವಾಗ ಒಂದು ಹಿಡಿ ಕಪ್ಪು ಮಣ್ಣು ತಂದಿದ್ದೆ. ಮುಟ್ಟುವಂತಿಲ್ಲವಲ್ಲ, ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದೆ. ಆಯಿ ಎತ್ತಿಕೊಂಡು ಮೂಸಿದಳು.

"ಸುಟ್ಟ ವಾಸನೆಯೇ ಇಲ್ಲೆ! ಮುಂದಿನ ವರ್ಷ ಆನೇ ಹೋಗಿ ನೋಡ್ತೆ" ಎಂದು ತನ್ನತ್ತಲೇ ಬೆರಳು ತೋರಿಸಿ ನಕ್ಕಳು.

ಆ ಮಳೆಗಾಲದಲ್ಲೇ ಜ್ವರ ಬಂದು ಹೋಗಿಬಿಟ್ಟಳು. ಆ ಮಣ್ಣು ಅವಳ ಕುಂಕುಮದ ಹಳೇ ಡಬ್ಬಿಯಲ್ಲಿ ಸಿಕ್ಕಿತು.

ಇವತ್ತು ನಾನು ಪೊಟ್ಟಣ ಕಟ್ಟುತ್ತಿದ್ದಾಗ ಮಗಳು ಮೊಬೈಲಿನಿಂದ ತಲೆಯೆತ್ತದೆಯೇ ಹೇಳಿದಳು: "ಅಮ್ಮ, ಎಂಗೆ ಇವತ್ತೇ ಮುಟ್ಟು ಶುರುವಾತು. ಅಡ್ಡಿಲ್ಲೆ, ಹೋಪನ."

ಅಡ್ಡಿಲ್ಲೆ, ಹೋಪನ. ಪರವಾಗಿಲ್ಲ, ಹೋಗೋಣ ಎಂದು ಅವತ್ತು ಆಯಿಗೆ ಇಷ್ಟನ್ನು ನಾನಾದರೂ ಹೇಳಬಹುದಿತ್ತು.